ಲೆಕ್ಕಕ್ಕಿಲ್ಲದವನು

ಕರಡು ಯೋಜನೆ, ನಾಲ್ಕನೆಯ ತಿದ್ದುಪಡಿ, ಎಂಬತ್ತಾರು ಪುಟ.
ನಾನು ನಡಾವಳಿ ಬರೆಯುವವಳು; ನನಗೆ ಮತವಿಲ್ಲ,
ನೀರಿನ ಹೂಜಿಯ ಪಕ್ಕ ಒಂದು ಕುರ್ಚಿಯಿದೆ.
ಕಿಟಕಿಯಾಚೆ ದಕ್ಷಿಣ ವೇಲ್ಸಿನ ಕಡಲು, ಇಳಿತದ ಹೊತ್ತು,
ಕೆಸರಲ್ಲಿ ವಾಲಿ ನಿಂತ ದೋಣಿಗಳು.
ಅವಕ್ಕೂ ಒಂದೊಂದು ನಂಬರು, ಒಂದೊಂದು ಗೂಟ.

'ತಡೆಯುವುದು' ಎಂಬ ಪದ ಮೊದಲ ಪುಟದಲ್ಲೇ ಹನ್ನೊಂದು ಸಲ.
ಕೌನ್ಸಿಲರ್ ಗ್ಲೆನಿಸ್ ಪ್ರಾಸರ್ ಕನ್ನಡಕ ಹಣೆಗೇರಿಸಿ ಕೇಳುತ್ತಾಳೆ:
ತಡೆದದ್ದು ಎಲ್ಲಿದೆ, ತೋರಿಸಿ.
ವಸತಿ ವಿಭಾಗದ ಹವೆಲ್ ಬಾಯಿ ತೆರೆದು, ಮುಚ್ಚಿ,
ಪುಟ ಮಗುಚುತ್ತಾನೆ.

ಏನು ತೋರಿಸಿಯಾನು?
ಮೇ ತಿಂಗಳ ಒಂದು ಮಂಗಳವಾರ
ಕೆರಿಸ್ ಮೆರೆಡಿತ್ ಎಂಬಾಕೆ, ಮೀನಂಗಡಿಯ ಏಪ್ರನ್ನಿನಲ್ಲೇ ಬಂದು,
ಮಡಿಸಿ ಮಡಿಸಿ ಬೆವರಿದ ನೋಟೀಸನ್ನು
ಕೌಂಟರಿನ ಮೇಲೆ ಬಿಡಿಸಿಟ್ಟಳು.
ಕಾನೂನಿನ ಗಡುವು ಐವತ್ತಾರು ದಿನ.
ಐವತ್ತಾರು ದೇಶ ಸುತ್ತಿ ಬಂದ ರಾಜಕುಮಾರನಿಗೆ
ಕಥೆಯ ಕೊನೆಗೆ ಅರಮನೆ ಸಿಗುತ್ತದೆ.
ಐವತ್ತಾರು ದಿನ ಸುತ್ತಿದರೆ ಇವಳಿಗೆ
ಹೆದ್ದಾರಿ ಬದಿಯ ಲಾಡ್ಜಿನಲ್ಲಿ ಒಂದು ಕೋಣೆ,
ಒಂದು ಕೆಟಲು, ಮೂರು ಜೀವ,
ಮಕ್ಕಳ ಶಾಲೆಗೆ ಎರಡು ಬಸ್ಸು.

ಹವೆಲ್ ಮನೆಮಾಲೀಕನಿಗೆ ಫೋನು ಮಾಡಿದ. ಮತ್ತೆ ಮಾಡಿದ.
ಮೂರನೆಯ ಸಲ ಆತ ಎತ್ತಿದಾಗ
ಮೊದಲ ಐದು ನಿಮಿಷ ರಗ್ಬಿ ಮಾತಾಡಿದರು.
ಬಾಕಿ ನಾನೂರ ಹನ್ನೆರಡು ಪೌಂಡು.
ಯಾವುದೋ ನಿಧಿಯ ತಳ ಕೆರೆದು ಕೊಟ್ಟರು.
ಅಷ್ಟೇ.
ಆ ಸಂಜೆ ಕೆರಿಸಳ ಮನೆಯಲ್ಲಿ ಏನೂ ಆಗಲಿಲ್ಲ.
ಬಟಾಣಿ ಬೇಡವೆಂದು ಮಕ್ಕಳು ಜಗಳ ತೆಗೆದವು,
ಚಿಕ್ಕವನು ಹಲ್ಲುಜ್ಜದೆ ಮಲಗಿದ,
ಯಾರೂ ಫೋಟೋ ತೆಗೆಯಲಿಲ್ಲ.

ಆಗದೇ ಹೋದದ್ದಕ್ಕೆ ಯಾವ ಕಾಲಮ್ಮು?
ಒಡೆಯದ ಲೋಟದ ಸದ್ದನ್ನು
ಯಾರು ಕೇಳಿ ಬರೆದುಕೊಂಡಾರು?

ಆದದ್ದಕ್ಕೆ ಲೆಕ್ಕವುಂಟು. ವರ್ಷಕ್ಕೊಂದು ರಾತ್ರಿ,
ನವೆಂಬರಿನಲ್ಲಿ. ಟಾರ್ಚು, ಕ್ಲಿಪ್‌ಬೋರ್ಡು, ಹಳದಿ ಜಾಕೀಟು.
ಈ ಸಲ ಜನ ಸಾಲದೆ ನನ್ನನ್ನೂ ಕರೆದರು.
ನಿಯಮ ಸರಳ: ಮಲಗಿರಬೇಕು,
ಇಲ್ಲವೇ ಮಲಗುವ ತಯಾರಿಯಲ್ಲಿರಬೇಕು.
ಬಸ್ ನಿಲ್ದಾಣದ ಹಿಂದೆ ಇಬ್ಬರು. ಬರೆದೆ.
ಮುಚ್ಚಿದ ಸಿನೆಮಾ ಮಂದಿರದ ಮೆಟ್ಟಿಲಲ್ಲಿ ಒಂದು ಮಲಗುಚೀಲ,
ಒಳಗೆ ಯಾರೋ, ಜೊತೆಗೆ ನಾಯಿ.
ನಾಯಿ ತಲೆಯೆತ್ತಿ ನೋಡಿತು. ಒಂದು ಎಂದು ಬರೆದೆ.

ಮೂರು ಗಂಟೆಗೆ, ಹಡಗುಕಟ್ಟೆಯ ರಸ್ತೆಯಲ್ಲಿ
ಅವನು ಎದುರಾದ, ನಡೆಯುತ್ತ.
ಹಳೆಯ ಕೋಟು, ಗುಂಡಿ ಮಾತ್ರ ಎಲ್ಲ ಹಾಕಿದ್ದು.
ಎಮ್ರಿಸ್ ಎಂದ, ಹೆಸರು ಕೇಳದೆಯೇ.
ಮಲಗಿದರೆ ಚಳಿ ಹಿಡಿಯುತ್ತದಮ್ಮ, ಮಲಗಿದರೆ ಹುಡುಗರು ಒದೆಯುತ್ತಾರೆ;
ನಡೆದರೆ ಯಾರೂ ಏನೂ ಅನ್ನುವುದಿಲ್ಲ,
ಕೆಲಸಕ್ಕೆ ಹೊರಟವನೆಂದುಕೊಳ್ಳುತ್ತಾರೆ.
ಲೈಬ್ರರಿ ತೆಗೆಯುವುದು ಒಂಬತ್ತೂವರೆಗೆ,
ಬುಧವಾರ ಮಾತ್ರ ಹತ್ತಕ್ಕೆ.
ಇವತ್ತು ಬುಧವಾರ.

ಹವೆಲ್ ನನ್ನ ಪೆನ್ನನ್ನು ನೋಡಿದ.
ನಡೆಯುವವರು ಬರುವುದಿಲ್ಲ, ಎಂದ ಮೆಲ್ಲಗೆ.
ಚಿಕ್ಕಂದಿನಲ್ಲಿ ತಂಗಿಗೆ ಹೇಳುತ್ತಿದ್ದೆವು ನಾವು:
ನೀನು ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಎಮ್ರಿಸನಿಗೆ ಕೇಳಿಸಿತ್ತು.
ಬೇಕಿದ್ದರೆ ಸ್ವಲ್ಪ ಹೊತ್ತು ಮಲಗುತ್ತೇನೆ, ಎಂದ,
ನಿಮಗೆ ಅನುಕೂಲವಾಗುವುದಾದರೆ.

ಈಗ ಸಭೆಯಲ್ಲಿ ಅಂಕಿ ಓದುತ್ತಿದ್ದಾರೆ: ಹದಿನಾಲ್ಕು.
ಕಳೆದ ವರ್ಷಕ್ಕಿಂತ ಎರಡು ಕಡಿಮೆ. ಯಾರೋ ಮೇಜು ತಟ್ಟಿದರು.
ಗ್ಲೆನಿಸ್ ತಟ್ಟಲಿಲ್ಲ.
ಪುಟ ನಲವತ್ತೊಂದರಲ್ಲಿ ಮೂವತ್ತು ಹೊಸ ಮನೆ,
ಹಳೆಯ ತಗಡಿನ ಕಾರ್ಖಾನೆಯ ಜಾಗದಲ್ಲಿ;
'ಹಣ ಬಂದರೆ' ಎಂಬುದು ಅಡಿಟಿಪ್ಪಣಿ,
ಇರುವೆಯಂಥ ಅಕ್ಷರ.
ಪುಟ ಐವತ್ತರಲ್ಲಿ: ಜೈಲಿನಿಂದ, ಆಸ್ಪತ್ರೆಯಿಂದ ಹೊರಬರುವವರಿಗೆ
ಆ ಬಾಗಿಲು ತೆರೆಯುವ ಮುನ್ನವೇ ಇನ್ನೊಂದು ಬಾಗಿಲು ಹುಡುಕುವುದು.
ಒಳ್ಳೆಯ ಸಾಲು. ನಿಜವಾಗಲೆಂದು ನನಗೂ ಆಸೆ.

ನಡಾವಳಿಯಲ್ಲಿ ಹದಿನಾಲ್ಕು ಎಂದೇ ಬರೆದೆ.
ಅಂಚಿನಲ್ಲಿ, ಪೆನ್ಸಿಲಿನಲ್ಲಿ:
ಮತ್ತು ನಡೆಯುತ್ತಿದ್ದವನು ಒಬ್ಬ.
ಮುಂದಿನ ಸಭೆಯಲ್ಲಿ ಇದನ್ನು ಅಳಿಸಲು ಹೇಳಬಹುದು.
ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು,
ಅದನ್ನೂ ಬರೆಯುವವಳು ನಾನೇ.